ಆ ಕೆಂಪು ಚಿತ್ರದ ಮುಂದೆ ನಾನೇ ದಡ್ಡನಾ?

ಪ್ರಶ್ನೆ: ಮೇಡಂ, ನಾನು ರಾಯಚೂರಿನವನು. ಹತ್ತಿ ಅಡತಿ ಅಂಗಡಿ ಇದೆ. ವಯಸ್ಸು 52. ಮಗಳು ಎರಡನೇ ಪಿಯುಸಿ, ಅವಳಿಗೆ ಚಿತ್ರಕಲೆ ಹುಚ್ಚು. ನಾಲ್ಕು ತಿಂಗಳ ಹಿಂದೆ ಅವಳ ಹಟಕ್ಕೆ ಬೆಂಗಳೂರಿನಲ್ಲಿ ಆಧುನಿಕ ಚಿತ್ರಗಳ ಪ್ರದರ್ಶನವೊಂದಕ್ಕೆ ಹೋದೆವು. ಒಂದೂವರೆ ಗಂಟೆಯಲ್ಲಿ ನೂರಕ್ಕೂ ಜಾಸ್ತಿ ಚಿತ್ರ ನೋಡಿದೆ. ತಲೆನೋವು ಬಂತು, ಒಂದೂ ಅರ್ಥ ಆಗಲಿಲ್ಲ. ಅದರಲ್ಲೂ ಒಂದು ದೊಡ್ಡ ಕೆಂಪು ಚಿತ್ರ. ಬಾಗಿಲಷ್ಟು ಎತ್ತರ. ನಡುವೆ ಓರೆಯಾಗಿ ಒಂದು ಕಪ್ಪು ಪಟ್ಟೆ. ಅದರ ಬಲಗಡೆ ಅಂಚು ಚೂಪು, ಎಡಗಡೆ ಹರಿದ ಹಾಗೆ. ಕೆಳಗೆ ಎಡ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಹಳದಿ. ಅದನ್ನು ಬೇಕಂತಲೇ ಬಿಟ್ಟರೋ, ಮುಚ್ಚುವುದನ್ನು ಮರೆತರೋ ಗೊತ್ತಾಗಲಿಲ್ಲ. ಪಕ್ಕದ ಚೀಟಿಯಲ್ಲಿ ‘ಶೀರ್ಷಿಕೆ ಇಲ್ಲ’ ಅಂತ ಬರೆದಿತ್ತು. ಒಬ್ಬ ಹುಡುಗ ಅದರ ಮುಂದೆ ಹತ್ತು ನಿಮಿಷ ನಿಂತಿದ್ದ. ನಾನು ಹತ್ತಿರ ಹೋದ ಕೂಡಲೇ ಕಾವಲಿನವರು ‘ಹಿಂದೆ ಸರೀರಿ’ ಅಂದರು. ಮಗಳ ಮುಂದೆ ಮುಖ ಸಣ್ಣದಾಯಿತು. ನಮ್ಮ ಮನೆಯವಳು ‘ಇದನ್ನ ನಮ್ಮ ಓಣಿ ಹುಡುಗ್ರೂ ಬರೀತಾವ’ ಅಂದಳು. ಇದು ದುಡ್ಡಿದ್ದವರ ಆಟವಾ ಅಥವಾ ನಾನೇ ದಡ್ಡನಾ? ಮುಂದಿನ ತಿಂಗಳು ಹೈದರಾಬಾದಿನಲ್ಲಿ ಮದುವೆ ಇದೆ. ಮಗಳು ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗೋಣ ಅನ್ನುತ್ತಿದ್ದಾಳೆ. ಅರ್ಧ ದಿನ ಸಿಗುತ್ತದೆ. ಹೇಗೆ ನೋಡಬೇಕು, ಸ್ವಲ್ಪ ಹೇಳಿ.

ಉತ್ತರ: ಸಾಹುಕಾರರೇ (ನಮ್ಮ ಬಳ್ಳಾರಿ, ರಾಯಚೂರು ಕಡೆ ಅಡತಿ ಅಂಗಡಿಯವರನ್ನು ಹೀಗೇ ಅಲ್ವಾ ಕರೆಯುವುದು), ಮೊದಲು ನಿಮ್ಮ ಪತ್ರದ ಬಗ್ಗೆಯೇ ಒಂದು ಮಾತು. ನೂರಕ್ಕೂ ಜಾಸ್ತಿ ಚಿತ್ರ ನೋಡಿದೆ ಅಂದಿರಿ. ಉಳಿದವುಗಳ ಬಗ್ಗೆ ಒಂದಕ್ಷರ ಬರೆದಿಲ್ಲ. ಸಿಟ್ಟು ತರಿಸಿದ ಆ ಒಂದರ ಬಗ್ಗೆ ಮಾತ್ರ ಅಳತೆ ಸಮೇತ ಬರೆದಿದ್ದೀರಿ. ಪಟ್ಟೆಯ ಯಾವ ಅಂಚು ಚೂಪು, ಯಾವುದು ಹರಿದಿದೆ, ಹಳದಿ ಯಾವ ಮೂಲೆಯಲ್ಲಿದೆ, ಎಷ್ಟಿದೆ. ಅದೂ ನಾಲ್ಕು ತಿಂಗಳಾದ ಮೇಲೆ!

ನಾನು ಬೆಂಗಳೂರಿನ ಗ್ಯಾಲರಿಗಳಲ್ಲಿ ಇಪ್ಪತ್ತೆರಡು ವರ್ಷ ಗೋಡೆಗೆ ಚಿತ್ರ ಹಾಕುವ ಕೆಲಸ ಮಾಡಿದವಳು. ಮೊಳೆ, ತಂತಿ, ರಸಮಟ್ಟ ಹಿಡಿದುಕೊಂಡೇ ಜೀವನ ಕಳೆದೆ. ಪ್ರದರ್ಶನ ನೋಡಿ ಹೊರಗೆ ಬಂದವರನ್ನು ‘ಏನು ನೆನಪಿದೆ?’ ಅಂತ ಕೇಳುವ ಚಟ ನನಗೆ. ಬಹಳ ಜನ ಕಲಾವಿದರ ಹೆಸರು ಹೇಳುತ್ತಾರೆ. ಚಿತ್ರ ಹೇಳುವವರು ಕಡಿಮೆ. ನೀವು ಹೆಸರು ಮರೆತು ಚಿತ್ರ ನೆನಪಿಟ್ಟಿದ್ದೀರಿ. ಹಾಗಾಗಿ ದಡ್ಡತನದ ಮಾತು ಇಲ್ಲಿಗೇ ಬಿಡೋಣ.

ಆ ಹಳದಿಯ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ. ಬೇಕಂತಲೇ ಬಿಟ್ಟಿದ್ದಾ, ಮರೆತಿದ್ದಾ? ನಾನು ಆ ಚಿತ್ರ ನೋಡಿಲ್ಲ, ಹಾಗಾಗಿ ಹೇಳಲಾರೆ. ಆದರೆ ಕಂಡುಹಿಡಿಯುವ ದಾರಿ ಇದೆ. ಇಂಥ ಚಿತ್ರಗಳಿಗೆ ಎಷ್ಟೋ ಸಲ ಚೌಕಟ್ಟು ಇರುವುದಿಲ್ಲ. ಬಟ್ಟೆಯನ್ನು ಮರದ ಪಟ್ಟಿಗೆ ಸುತ್ತಿ ಹಿಂದೆ ಪಿನ್ನು ಹೊಡೆದಿರುತ್ತಾರೆ. ಗೋಡೆಯ ಪಕ್ಕಕ್ಕೆ ಬಂದು ಆ ಮಡಿಚಿದ ಬದಿಯನ್ನು ನೋಡಿ. ಮೇಲ್ಮೈಯಲ್ಲಿ ಕಾಣದ ಬಣ್ಣಗಳು ಅಲ್ಲಿ ಸೋರಿ ನಿಂತಿರುತ್ತವೆ. ಬದಿಯಲ್ಲೂ ಹಳದಿ ಇದ್ದರೆ, ಆ ಕೆಂಪಿನ ಅಡಿಯಲ್ಲೆಲ್ಲ ಒಂದು ಹಳದಿ ಚಿತ್ರ ಮಲಗಿದೆ ಅಂತ ಲೆಕ್ಕ. ಕೆಂಪು ಅಷ್ಟು ಬೆಚ್ಚಗೆ ಕಂಡಿದ್ದಕ್ಕೂ ಅದೇ ಕಾರಣ ಇರಬಹುದು. ಮೂಲೆಯಲ್ಲಿ ಬಿಟ್ಟ ಹೆಬ್ಬೆಟ್ಟಿನಷ್ಟು ಜಾಗ ಒಳಗಡೆ ಇಣುಕುವ ಕಿಂಡಿ. ಅಂದ ಹಾಗೆ ಕ್ಯಾನ್ವಾಸ್ ಅಂದರೆ ಅಗಸೆ ನಾರಿನ ಬಟ್ಟೆ, ಇಲ್ಲವೇ ನಿಮ್ಮದೇ ಹತ್ತಿ. ಬಣ್ಣ ಹತ್ತದ ಬದಿಯಲ್ಲಿ ನೇಯ್ಗೆ ಚೆನ್ನಾಗಿ ಕಾಣುತ್ತದೆ. ನಿಮ್ಮ ಕಣ್ಣಿಗೆ ನನಗಿಂತ ಜಾಸ್ತಿ ತಿಳಿಯುತ್ತದೆ. ಆದರೆ ಎಳೆ ಎಳೆದು ನೋಡಲು ಹೋಗಬೇಡಿ ಮತ್ತೆ!

ನನ್ನದೇ ಒಂದು ಮರ್ಯಾದೆ ಹೋದ ಕತೆ ಹೇಳುತ್ತೇನೆ. ಒಂದು ಗ್ಯಾಲರಿಯಲ್ಲಿ ಅಮೂರ್ತ ಚಿತ್ರಗಳ ಪ್ರದರ್ಶನ. ಅಂದರೆ ಇಂಥದ್ದು ಅಂತ ಗುರುತು ಹಿಡಿಯುವ ಆಕಾರ ಇಲ್ಲದ, ಬರೀ ಬಣ್ಣ, ಗೆರೆಗಳ ಚಿತ್ರ. ಕ್ಯಾನ್ವಾಸಿನ ಹಿಂದೆ ಮೇಲ್ಭಾಗ ಯಾವುದು ಅಂತ ಸಾಮಾನ್ಯವಾಗಿ ಬಾಣದ ಗುರುತು ಇರುತ್ತದೆ. ಒಂದರಲ್ಲಿ ಅದು ಅಳಿಸಿಹೋಗಿತ್ತು. ನನಗೆ ತೋಚಿದ ಹಾಗೆ ನೇತುಹಾಕಿದೆ. ಉದ್ಘಾಟನೆ ಆಯಿತು, ಭಾಷಣ ಆಯಿತು. ದೊಡ್ಡ ದೊಡ್ಡವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಎರಡನೇ ದಿನ ಚಹಾ ತಂದುಕೊಡುವ ಹುಡುಗ ಟ್ರೇ ಹಿಡಿದುಕೊಂಡೇ ನಿಂತುಬಿಟ್ಟ. ‘ಅಕ್ಕಾ, ಇದ್ರಲ್ಲಿ ಬಣ್ಣ ಮೇಲಕ್ಕೆ ಸೋರಿದೆಯಲ್ಲ, ಅದ್ಹೇಗೆ?’ ಅಂದ. ಹೋಗಿ ನೋಡಿದೆ. ನೀಲಿ ಬಣ್ಣದ ನಾಲ್ಕು ಹನಿ ಗೆರೆಗಳು ನೆಟ್ಟಗೆ ಮೇಲಕ್ಕೆ ಹರಿದಿದ್ದವು. ಚಿತ್ರ ತಲೆಕೆಳಗಾಗಿತ್ತು! ಕಲಾವಿದರು ಬರುವುದರೊಳಗೆ ಸರಿಮಾಡಿ ಮಾನ ಉಳಿಸಿಕೊಂಡೆ. ಆ ಹುಡುಗ ಓದಿದ್ದು ಐದನೇ ತರಗತಿ.

ಇದು ನನಗೊಬ್ಬಳಿಗೇ ಆದ ಅನಾಹುತ ಅಲ್ಲ ಅನ್ನುವುದೊಂದು ಸಮಾಧಾನ. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಫ್ರಾನ್ಸಿನ ಕಲಾವಿದ ಮಾತೀಸ್ ಅವರ ‘ದೋಣಿ’ ಎಂಬ ಚಿತ್ರ 47 ದಿನ ತಲೆಕೆಳಗಾಗಿ ತೂಗಿತ್ತು. ಲಕ್ಷಕ್ಕೂ ಮೀರಿ ಜನ ಅದರ ಮುಂದೆ ಹಾದುಹೋದರು. ತಪ್ಪು ಹಿಡಿದದ್ದು ನೋಡಲು ಬಂದಿದ್ದ ಒಬ್ಬ ಮಹಿಳೆ. ಆಕೆಯ ವೃತ್ತಿ ಏನು ಗೊತ್ತಾ? ಷೇರು ಪೇಟೆಯ ದಲ್ಲಾಳಿ.

ಈಗ ‘ಅರ್ಥ ಆಗಲಿಲ್ಲ’ ಅನ್ನುವ ಮಾತಿಗೆ ಬರೋಣ. ನಮ್ಮ ಕಣ್ಣು ಚಿತ್ರ ನೋಡುವುದನ್ನು ಕಲಿತದ್ದು ಎಲ್ಲಿ? ಮನೆಯ ಕ್ಯಾಲೆಂಡರಿನಲ್ಲಿ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿ ಮನೆಮನೆಗೆ ಬಂದರು. ಆಮೇಲೆ ನಮ್ಮ ಕಲಬುರಗಿಯ ಎಸ್.ಎಂ. ಪಂಡಿತರು ಬಂದರು. ಕ್ಯಾಲೆಂಡರಿಗೂ ಸಿನಿಮಾ ಪೋಸ್ಟರಿಗೂ ಅವರ ಕೈ ಎಂಥದ್ದು ಅಂತ ನಿಮ್ಮ ತಂದೆಯವರ ಕಾಲದವರಿಗೆ ಕೇಳಿ. ಅಂಥ ಚಿತ್ರ ನೋಡಿದ ಕೂಡಲೇ ‘ಇದು ಯಾರು?’ ಅನ್ನುವ ಪ್ರಶ್ನೆ ಏಳುತ್ತದೆ, ಉತ್ತರವೂ ಕೂಡಲೇ ಸಿಗುತ್ತದೆ. ನವಿಲಿದ್ದರೆ ಸರಸ್ವತಿ, ಆನೆಯಿದ್ದರೆ ಲಕ್ಷ್ಮಿ. ಅದೇ ಪ್ರಶ್ನೆ ಹಿಡಿದುಕೊಂಡು ಕೆಂಪು ಚಿತ್ರದ ಮುಂದೆ ನಿಂತರೆ ಅದು ಬಾಯಿ ಬಿಡುವುದಿಲ್ಲ. ಅಲ್ಲಿ ಯಾರೂ ಇಲ್ಲವಲ್ಲ!

ಚಿತ್ರ ಬರೆಯುವವರು ಯಾಕೆ ಹೀಗಾದರು ಅನ್ನುವುದಕ್ಕೆ ಕಾರಣ ಹಲವು. ಒಂದನ್ನು ಮಾತ್ರ ಹೇಳುತ್ತೇನೆ. 1839ರಲ್ಲಿ ಕ್ಯಾಮೆರಾದ ವಿದ್ಯೆ ಪ್ಯಾರಿಸ್‌ನಲ್ಲಿ ಬಹಿರಂಗವಾಯಿತು. ಮುಖವನ್ನು ಇದ್ದ ಹಾಗೇ ಹಿಡಿಯುವ ಕೆಲಸವನ್ನು ಒಂದು ಪೆಟ್ಟಿಗೆ ಅಗ್ಗವಾಗಿ, ಬೇಗ ಮಾಡತೊಡಗಿತು. ಹೊಟ್ಟೆಪಾಡಿಗೆ ಅದನ್ನೇ ನಂಬಿದ್ದ ಕುಂಚದವರು ಬೇರೆ ಹುಡುಕಲೇಬೇಕಾಯಿತು. ಕ್ಯಾಮೆರಾ ಹಿಡಿಯಲಾರದ್ದು ಯಾವುದು? ಬೆಳಕು ಕಣ್ಣಲ್ಲಿ ಅದುರುವ ರೀತಿ, ಒಂದೇ ವಸ್ತುವನ್ನು ನಾಲ್ಕು ಕಡೆಯಿಂದ ಒಟ್ಟಿಗೆ ಕಾಣುವುದು, ಬರೀ ಬಣ್ಣಕ್ಕೆ ಬಣ್ಣ ತಾಗಿದಾಗ ಆಗುವ ಕಸಿವಿಸಿ. ಒಬ್ಬೊಬ್ಬರು ಒಂದೊಂದರ ಬೆನ್ನು ಹತ್ತಿದರು.

‘ಇದು ನಮ್ಮದಲ್ಲ, ಹೊರಗಿನದು’ ಅಂತಲೂ ಕೆಲವರು ಹೇಳುತ್ತಾರೆ. ಅರ್ಧ ನಿಜ. ಎಣ್ಣೆ ಬಣ್ಣ, ಕ್ಯಾನ್ವಾಸು, ಗ್ಯಾಲರಿಯ ಬಿಳಿ ಗೋಡೆ ಎಲ್ಲ ಹೊರಗಿಂದಲೇ ಬಂದವು. ಆದರೆ ‘ಇದ್ದ ಹಾಗೇ ಬರೆದರೆ ಮಾತ್ರ ಚಿತ್ರ’ ಅನ್ನುವ ನಿಯಮ ನಮ್ಮ ಸೀಮೆಯಲ್ಲಿ ಯಾವತ್ತೂ ಇರಲಿಲ್ಲ. ತೊಗಲುಗೊಂಬೆ ಆಟ ನೋಡಿದ್ದೀರಲ್ಲ? ರಾಜ, ದೇವರು ದೊಡ್ಡ ಗೊಂಬೆ. ಆಳು ಸಣ್ಣ ಗೊಂಬೆ. ಯಾರೂ ಎದ್ದು ನಿಂತು ‘ಮನುಷ್ಯ ಇಷ್ಟುದ್ದ ಇರ್ತಾನಾ’ ಅಂತ ಕೇಳಲಿಲ್ಲ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ತಲೆ ಎತ್ತಿದರೆ ಛಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ. ಸಾಲು ಸಾಲಾಗಿ ಪಕ್ಕಮುಖದ ಜನ, ದೂರ ಹತ್ತಿರ ಅನ್ನುವ ಲೆಕ್ಕವೇ ಇಲ್ಲ. ಇನ್ನು ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಬಂಡೆಗಳಲ್ಲಿ ಕೆಮ್ಮಣ್ಣಿನ ಮನುಷ್ಯರು ನಾಲ್ಕೇ ಗೆರೆಯಲ್ಲಿ ಕುಣಿಯುತ್ತಾರೆ. ಅವರ ಕಣ್ಣು ಮೂಗು ಎಲ್ಲಿ ಅಂತ ಯಾರೂ ಹುಡುಕುವುದಿಲ್ಲ. ಇದನ್ನೆಲ್ಲ ತಕರಾರಿಲ್ಲದೆ ನೋಡಿಕೊಂಡು ಬಂದ ಕಣ್ಣು ನಿಮ್ಮದು. ಗ್ಯಾಲರಿಯ ಏಸಿ ಹವೆ ತಾಗಿದ ಕೂಡಲೇ ಅದು ಯಾಕೆ ಹೆದರಬೇಕು?

ನಿಮ್ಮ ಮನೆಯವರ ಮಾತಿಗೆ ಬರುತ್ತೇನೆ. ‘ಓಣಿ ಹುಡುಗ್ರೂ ಬರೀತಾವ.’ ನಮ್ಮವರು ಇದಕ್ಕೆ ಕೊಡುವ ಸಿದ್ಧ ಉತ್ತರ ಒಂದಿದೆ: ‘ಪಿಕಾಸೊ ಹದಿನೈದು ಹದಿನಾರನೇ ವಯಸ್ಸಿಗೇ ಥೇಟ್ ಫೋಟೋ ಹಾಗೆ ಬರೆಯುತ್ತಿದ್ದರು, ಆಮೇಲೆ ಬೇಕಂತಲೇ ಬಿಟ್ಟರು.’ ನಿಜವೇ. ಆದರೆ ನನಗೆ ಈ ಉತ್ತರ ಅಷ್ಟಕ್ಕಷ್ಟೇ. ರವೀಂದ್ರನಾಥ ಠಾಕೂರರು ಯಾವ ಕಲಾಶಾಲೆಗೂ ಹೋದವರಲ್ಲ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಸೇರಿಸುತ್ತಾ ಸೇರಿಸುತ್ತಾ, ಅರವತ್ತು ದಾಟಿದ ಮೇಲೆ ಚಿತ್ರಕ್ಕೆ ಇಳಿದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ಆಯಿತು. ಅವರ ಚಿತ್ರ ಚೆನ್ನಾಗಿವೆ ಅನ್ನಲು ಅವರು ಮೊದಲು ಸೇಬುಹಣ್ಣು ಸರಿಯಾಗಿ ಬರೆದು ತೋರಿಸಬೇಕಾಗಿಲ್ಲ. ಹಾಗಾಗಿ ಯಾರ ಕೈ ಅನ್ನುವುದನ್ನು ಬಿಟ್ಟು, ಈ ಚಿತ್ರದಲ್ಲಿ ಏನಾಗಿದೆ ಅಂತ ಕೇಳಿ. ಮಗು ಕೆಂಪು ಬಳಿದು ಎದ್ದು ಹೋಗುತ್ತದೆ. ಇಲ್ಲಿ ಬಳಿದವರು ಒಣಗಲು ಕಾದಿದ್ದಾರೆ, ಒರೆಸಿದ್ದಾರೆ, ಮತ್ತೆ ಬಳಿದಿದ್ದಾರೆ, ಒಂದು ಅಂಚನ್ನು ಚೂಪು ಮಾಡಿ ಇನ್ನೊಂದನ್ನು ಹರಿದಿದ್ದಾರೆ. ಎಲ್ಲಿ ನಿಲ್ಲಿಸಬೇಕು ಅಂತ ಯೋಚಿಸಿದ್ದಾರೆ. ಇಷ್ಟೆಲ್ಲ ನೋಡಿದ ಮೇಲೂ ‘ಊಹುಂ, ಏನೂ ಇಲ್ಲ’ ಅನಿಸಿದರೆ ಅಲ್ಲಿ ಏನೂ ಇಲ್ಲದೆಯೂ ಇರಬಹುದು. ಕೆಟ್ಟ ಚಿತ್ರಗಳೂ ಗ್ಯಾಲರಿಗೆ ಬರುತ್ತವೆ, ಸ್ವಾಮಿ. ಎಷ್ಟನ್ನು ನಾನೇ ಕೈಯಾರೆ ನೇತುಹಾಕಿದ್ದೇನೆ!

ದುಡ್ಡಿದ್ದವರ ಆಟವಾ? ಕೊಳ್ಳುವುದು ಹೌದು, ಆಟವೇ. 2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನರ ‘ಗ್ರಾಮ ಯಾತ್ರಾ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಯಿತು. 1954ರ ಆ ಚಿತ್ರ ದಶಕಗಳ ಕಾಲ ನಾರ್ವೆಯ ಓಸ್ಲೋ ನಗರದ ಆಸ್ಪತ್ರೆಯೊಂದರಲ್ಲಿ ತೂಗಿತ್ತು. ಡಾಕ್ಟರು, ನರ್ಸು ದಿನಾ ಅದರ ಮುಂದೆ ಓಡಾಡಿದರು. ಬೆಲೆ ಕಟ್ಟಿದ ದಿನ ಅದರ ಬಣ್ಣವೇನೂ ಬದಲಾಗಲಿಲ್ಲ. ಪೇಟೆ ಧಾರಣೆ ಬೇರೆ, ಮಾಲಿನ ಗುಣ ಬೇರೆ ಅಂತ ನಿಮಗೆ ನಾನು ಹೇಳಬೇಕಾ?

ಬರೆದವರ ಕತೆ ಇನ್ನೂ ಬೇರೆ. 1947ರಲ್ಲಿ ಮುಂಬೈಯಲ್ಲಿ ಸೋಜಾ, ರಜಾ, ಹುಸೇನ್ ಮುಂತಾದ ಆರು ಜನ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ನಮ್ಮ ದೇಶದ ಆಧುನಿಕ ಚಿತ್ರಗಳ ಮಾತು ಬಂದರೆ ಈ ಗುಂಪನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಅವರಲ್ಲಿ ಕೆ.ಎಚ್. ಆರಾ ಎಂಬುವರು ಸಿಕಂದರಾಬಾದ್ ಪಕ್ಕದ ಬೊಲಾರಂನವರು. ಸಣ್ಣ ವಯಸ್ಸಿನಲ್ಲೇ ಮುಂಬೈಗೆ ಓಡಿಹೋಗಿ, ಕಾರು ತೊಳೆದು, ಮನೆಗೆಲಸ ಮಾಡಿ ಬದುಕಿದವರು. ಹುಸೇನರು ಪಂಢರಪುರದಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಬೋರ್ಡು ಬರೆಯುತ್ತಿದ್ದರು. ದೊಡ್ಡ ಬೋರ್ಡನ್ನು ರಸ್ತೆಯ ಆಚೆಯಿಂದ ನೋಡುವವರಿಗಾಗಿ ಬರೆಯುವುದು. ಅದು ಗೊತ್ತಿದ್ದರೆ ಅವರ ಕುದುರೆಗಳ ಗೆರೆ ಯಾಕೆ ಅಷ್ಟು ದಪ್ಪ, ಅಷ್ಟು ಜೋರು ಅಂತ ತಿಳಿಯುತ್ತದೆ. ಹುಸೇನರ ಚಿತ್ರ ಸಿಕ್ಕರೆ ಮೂಗು ತಾಗಿಸಿ ನೋಡಬೇಡಿ. ಹತ್ತು ಹನ್ನೆರಡು ಅಡಿ ಹಿಂದೆ ಬನ್ನಿ.

ಗಾಯ್ತೊಂಡೆ ಎಂಬುವರ ಚಿತ್ರ ಸಿಕ್ಕರೆ ಇದಕ್ಕೆ ಉಲ್ಟಾ, ಹತ್ತಿರ ಹೋಗಿ. ವರ್ಷಕ್ಕೆ ಐದಾರು ಚಿತ್ರ ಮಾಡಿದರೆ ಅವರಿಗೆ ಜಾಸ್ತಿ. ರೋಲರಿನಿಂದ, ಚಾಕುವಿನಿಂದ ಬಣ್ಣ ಹಚ್ಚುವುದು, ತೆಗೆಯುವುದು, ಮತ್ತೆ ಹಚ್ಚುವುದು. ದೂರದಿಂದ ಬರೀ ಮಂಜು. ಕಾವಲಿನವರು ಬಿಡುವಷ್ಟು ಹತ್ತಿರ ನಿಂತರೆ ಪದರದ ಅಡಿಯಲ್ಲಿ ಪದರ ಕಾಣಲು ಶುರುವಾಗುತ್ತದೆ. ಎರಡು ನಿಮಿಷ ಬೇಕು ಅಷ್ಟೇ. ನೀವು ಕಂಡ ಹುಡುಗನೂ ಹತ್ತು ನಿಮಿಷ ಹೀಗೇ ಏನೋ ಹುಡುಕುತ್ತಿದ್ದ ಅಂತ ಇಟ್ಟುಕೊಳ್ಳಿ. (ಕಾಲು ನೋವಿಗೆ ಸುಮ್ನೆ ನಿಂತಿದ್ದರೂ ನಿಂತಿರಬಹುದು. ಅಂಥವರನ್ನೂ ಕಂಡಿದ್ದೇನೆ.)

ಸಂಗೀತದ ಹೋಲಿಕೆಯನ್ನು ಎಲ್ಲರೂ ಕೊಡುತ್ತಾರೆ. ಆಲಾಪಕ್ಕೆ ಅರ್ಥ ಕೇಳುತ್ತೀರಾ, ಚಿತ್ರಕ್ಕೆ ಯಾಕೆ ಕೇಳುತ್ತೀರಿ ಅಂತ. ಒಂದು ಕಡೆ ಈ ಮಾತು ಎಡವುತ್ತದೆ. ರಾಯಚೂರಿನ ಜಂಬಲದಿನ್ನಿ ರಂಗಮಂದಿರದಲ್ಲಿ ಗಾಯನ ಕೇಳಲು ಕೂತರೆ, ಗಾಯಕರು ಮುಗಿಸುವ ತನಕ ನೀವು ಏಳುವುದಿಲ್ಲ. ಎಷ್ಟು ಹೊತ್ತು ಅನ್ನುವುದನ್ನು ಅವರೇ ನಿರ್ಧರಿಸಿರುತ್ತಾರೆ. ಚಿತ್ರ ನಿಮ್ಮನ್ನು ಹಿಡಿದು ಕೂರಿಸುವುದಿಲ್ಲ. ಎರಡು ಸೆಕೆಂಡಿಗೆ ಬಿಟ್ಟು ಹೋದರೂ ಅದು ಕೇಳುವುದಿಲ್ಲ. ನಮಗೆ ಕಷ್ಟವಾಗುವುದು ಅಲ್ಲೇ. ಒಂದೂವರೆ ಗಂಟೆಗೆ ನೂರು ಚಿತ್ರ ಅಂದರೆ, ನಡೆದ ಹೊತ್ತನ್ನೂ ಸೇರಿಸಿ, ಒಂದಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ಅಂಗಡಿಗೆ ಬಂದ ನೂರು ಅಂಡಿಗೆ ಹತ್ತಿಯನ್ನು ಅಷ್ಟು ಹೊತ್ತಿನಲ್ಲಿ ನೋಡಿ ದರ ಹೇಳಿ ಅಂದರೆ ಹೇಳುತ್ತೀರಾ? ಒಂದು ಹಿಡಿ ತೆಗೆದು, ಎರಡೂ ಹೆಬ್ಬೆರಳ ನಡುವೆ ಎಳೆದು, ಬೆಳಕಿಗೆ ಹಿಡಿದು ನೋಡುತ್ತೀರಿ ಅಲ್ವಾ?

ತಲೆನೋವಿಗೂ ಇದೇ ಕಾರಣ. 1916ರಲ್ಲೇ ಅಮೆರಿಕದ ಬಾಸ್ಟನ್ ಮ್ಯೂಸಿಯಮ್ಮಿನ ಗಿಲ್ಮನ್ ಎಂಬುವರು ಇದಕ್ಕೆ ‘ಮ್ಯೂಸಿಯಂ ಆಯಾಸ’ ಅಂತ ಹೆಸರಿಟ್ಟು ಬರೆದರು. ನಿಂತು, ಬಗ್ಗಿ, ಕತ್ತೆತ್ತಿ, ಎರಡು ಹೆಜ್ಜೆ ನಡೆದು ಮತ್ತೆ ನಿಲ್ಲುವುದು ಮೈಗೆ ಬಹಳ ಸುಸ್ತು. ಜೊತೆಗೆ ಮಂದ ಬೆಳಕು. ಜಲವರ್ಣ ಮತ್ತು ಕಾಗದದ ಚಿತ್ರಗಳಿಗೆ 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಸುಮಾರಿನ ಬೆಳಕು ಮಾತ್ರ ಬಿಡುತ್ತಾರೆ. ಮನೆಯ ಟ್ಯೂಬ್‌ಲೈಟಿಗಿಂತ ಕಡಿಮೆ. ಜಾಸ್ತಿ ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ, ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಎಣ್ಣೆ ಬಣ್ಣಕ್ಕೆ 200ರ ತನಕ ಪರವಾಗಿಲ್ಲ. ಹೊರಗಿನ ಬಿಸಿಲಿನಿಂದ ಒಳಗೆ ಬಂದ ಕೂಡಲೇ ನೋಡಲು ಶುರು ಮಾಡಬೇಡಿ. ಐದು ನಿಮಿಷ ಬೆಂಚಿನ ಮೇಲೆ ಕೂತು ಕಣ್ಣಿಗೆ ಹೊಂದಿಕೊಳ್ಳಲು ಬಿಡಿ.

ಕಾವಲಿನವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರು ಮಂತ್ರಿಗಳಿಗೂ ಹಾಗೇ ಹೇಳುತ್ತಾರೆ. ಬೆರಳಿನ ಬೆವರು, ಜಿಡ್ಡು ಬಣ್ಣಕ್ಕೆ ಕೂತರೆ ತೆಗೆಯುವುದು ಕಷ್ಟ. ಒಂದು ಉಪಾಯ ಹೇಳುತ್ತೇನೆ. ಹತ್ತಿರದಿಂದ ನೋಡಬೇಕಾದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಕೈ ಹಿಂದಿರುವವರನ್ನು ಕಾವಲಿನವರು ಅಷ್ಟಾಗಿ ತಡೆಯುವುದಿಲ್ಲ. ಬೆರಳು ಮಾಡಿ ತೋರಿಸುವವರನ್ನು ಕಂಡರೆ ಅವರಿಗೆ ಎದೆ ಧಸಕ್ ಅನ್ನುತ್ತದೆ.

ಇನ್ನು ನೋಡುವ ದಾರಿಗಳು. ವಿವರಿಸುವವರ ಜೊತೆ ಹೋಗಬಹುದು. ಕೆಲವು ಮ್ಯೂಸಿಯಂಗಳಲ್ಲಿ ಈ ಸೌಲಭ್ಯ ಇದೆ. ಒಳ್ಳೆಯವರು ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಕಣ್ಣು ಮುಚ್ಚಿ ಕಿವಿ ಮಾತ್ರ ತೆರೆದುಕೊಂಡು ಬಂದ ಹಾಗಾಗುತ್ತದೆ. ಮೊದಲೇ ಓದಿಕೊಂಡು ಹೋಗಬಹುದು. ಅದರ ತೊಂದರೆ ಅಂದರೆ ಓದಿದ ಹೆಸರುಗಳನ್ನು ಹುಡುಕುವುದರಲ್ಲೇ ಹೊತ್ತು ಹೋಗಿ, ಪಕ್ಕದ ಒಳ್ಳೆ ಚಿತ್ರ ಕಣ್ಣಿಗೇ ಬೀಳುವುದಿಲ್ಲ. ಫೋನಿನಲ್ಲಿ ನೋಡಿದರೆ ಸಾಲದಾ ಅಂತ ನನ್ನ ತರಗತಿಯ ಮಕ್ಕಳು ಕೇಳುತ್ತಾರೆ. ಪಿಕಾಸೊ ಅವರ ‘ಗೆರ್ನಿಕಾ’ ಏಳೂಮುಕ್ಕಾಲು ಮೀಟರ್ ಅಗಲ, ಲಿಯೊನಾರ್ದೊ ಅವರ ‘ಮೊನಾಲಿಸಾ’ ಒಂದು ಮೀಟರೂ ಎತ್ತರ ಇಲ್ಲ. ಫೋನಿನಲ್ಲಿ ಎರಡೂ ಅಂಗೈಯಷ್ಟೇ. ಆದರೆ ಮನೆಗೆ ಬಂದ ಮೇಲೆ ನೆನಪು ಮಾಡಿಕೊಳ್ಳಲು ಫೋನು ಒಳ್ಳೆಯದು. ಪರವಾನಗಿ ಇರುವ ಕಡೆ, ಫ್ಲ್ಯಾಶ್ ಆರಿಸಿ, ನೋಡಿ ಮುಗಿದ ಮೇಲೆ ಒಂದು ಫೋಟೋ. ಮೊದಲೇ ತೆಗೆದರೆ ‘ಆಮೇಲೆ ನೋಡಿದರಾಯಿತು’ ಅಂತ ಕಣ್ಣು ರಜೆ ಹಾಕುತ್ತದೆ.

ಚೀಟಿಯನ್ನು ಕೊನೆಗೆ ಓದಿ. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ. ಗೋಡೆ ಪಕ್ಕ ನಿಂತು ಎಷ್ಟೋ ಸಲ ಗಮನಿಸಿದ್ದೇನೆ: ಜನ ಚೀಟಿಗೆ ಹತ್ತು ಸೆಕೆಂಡು ಕೊಡುತ್ತಾರೆ, ಚಿತ್ರಕ್ಕೆ ಎರಡು. ‘ಶೀರ್ಷಿಕೆ ಇಲ್ಲ’ ಅಂತ ಬರೆಯುವುದಕ್ಕೂ ಇದೇ ಕಾರಣ. ‘ಸಂಜೆ’ ಅಂತ ಹೆಸರಿಟ್ಟರೆ ನೀವು ಸೂರ್ಯನನ್ನು ಹುಡುಕುತ್ತೀರಿ, ಸಿಕ್ಕ ಕೂಡಲೇ ಮುಂದೆ ಹೋಗುತ್ತೀರಿ. ಸೋಮಾರಿತನಕ್ಕೆ ಹೆಸರಿಡದವರೂ ಇದ್ದಾರೆ ಬಿಡಿ. ಗೋಡೆ ಮೇಲಿನ ಉದ್ದನೆ ಬರಹ ಅರ್ಥ ಆಗದಿದ್ದರೆ ನಿಮ್ಮ ತಪ್ಪಲ್ಲ. ಅದನ್ನು ಅಂಟಿಸಿದ ನನಗೂ ಎಷ್ಟೋ ಸಲ ಆಗಿಲ್ಲ. ಕನ್ನಡದ ನೆಲದಲ್ಲಿ ಕನ್ನಡದ ಚೀಟಿ ಇಲ್ಲದ ಪ್ರದರ್ಶನ ಕಂಡರೆ ಅಲ್ಲಿನ ಅಭಿಪ್ರಾಯ ಪುಸ್ತಕದಲ್ಲಿ ಒಂದು ಸಾಲು ಬರೆದು ಬನ್ನಿ.

ಹಾಗಂತ ‘ನಿಮಗೆ ಅನಿಸಿದ್ದೇ ಸರಿ, ಏನು ಬೇಕಾದರೂ ಅನ್ನಿ’ ಅನ್ನುವ ಗುಂಪಿಗೂ ನಾನು ಸೇರಿದವಳಲ್ಲ. ತಯಬ್ ಮೆಹ್ತಾ ಎಂಬುವರ ಚಿತ್ರಗಳಲ್ಲಿ ಮನುಷ್ಯರು ಬೀಳುತ್ತಿರುತ್ತಾರೆ, ಕೈಕಾಲು ತಿರುಚಿಕೊಂಡಿರುತ್ತವೆ. ಕುಣಿತ ಅಂದುಕೊಂಡರೂ ಅಂದುಕೊಳ್ಳಬಹುದು. ಆದರೆ 1947ರ ಗಲಭೆಯಲ್ಲಿ ಗುಂಪೊಂದು ಒಬ್ಬ ಮನುಷ್ಯನನ್ನು ಬೀದಿಯಲ್ಲಿ ಕೊಂದದ್ದನ್ನು ಅವರು ಮುಂಬೈಯ ಮನೆಯ ಕಿಟಕಿಯಿಂದ ಕಂಡಿದ್ದರು. ಇದು ತಿಳಿದ ಮೇಲೆ ಮತ್ತೆ ಆ ಚಿತ್ರದ ಮುಂದೆ ಹೋಗಿ ನಿಂತರೆ ಕುಣಿತ ಕಾಣುವುದಿಲ್ಲ. ರಜಾ ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ದುಂಡನೆ ಕಪ್ಪು ಬಿಂದುವಿನದು ತಮಾಷೆಯ ಕತೆ. ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ, ಗಮನ ಇಡದ ಹುಡುಗನಿಗೆ ಮೇಷ್ಟ್ರು ಗೋಡೆ ಮೇಲೆ ಚುಕ್ಕಿ ಇಟ್ಟು ‘ಇದನ್ನೇ ನೋಡು’ ಅಂದಿದ್ದರಂತೆ. ಪ್ಯಾರಿಸ್‌ಗೆ ಹೋಗಿ ಎಷ್ಟೋ ವರ್ಷ ಕಳೆದ ಮೇಲೆ ಆ ಚುಕ್ಕಿ ತಿರುಗಿ ಬಂತು. ಇಂಥದ್ದನ್ನು ತಿಳಿದುಕೊಳ್ಳಬೇಕು. ಆದರೆ ಒಮ್ಮೆ ನೋಡಿದ ಮೇಲೆ.

ಮಗಳ ಜೊತೆ ಹೋಗುತ್ತೀರಲ್ಲ, ಒಂದು ಆಟ ಆಡಿ. ಒಂದು ಚಿತ್ರವನ್ನು ಇಬ್ಬರೂ ಎರಡು ನಿಮಿಷ ನೋಡಿ. ಆಮೇಲೆ ಅದಕ್ಕೆ ಬೆನ್ನು ತಿರುಗಿಸಿ ನಿಂತು, ಏನೇನಿತ್ತು ಅಂತ ನೀವು ಹೇಳಿ. ಮಗಳು ತಿದ್ದಲಿ. ಮುಂದಿನದಕ್ಕೆ ಅವಳ ಸರದಿ. ತಿರುಗಿ ನೋಡಿದಾಗ ಇಬ್ಬರೂ ಬಿಟ್ಟದ್ದು ಒಂದಾದರೂ ಇರುತ್ತದೆ. ಅದೇ ಎಷ್ಟೋ ಸಲ ಚಿತ್ರದ ಜೀವಾಳ. ನಿಮ್ಮ ಪತ್ರ ನೋಡಿದರೆ ಈ ಆಟದಲ್ಲಿ ಮಗಳು ಸೋಲುತ್ತಾಳೆ ಅಂತ ನನಗೆ ಅನುಮಾನ.

ಬೆಂಗಳೂರಿಗೆ ಮತ್ತೆ ಹೋದರೆ ಚಿತ್ರಕಲಾ ಪರಿಷತ್ತಿನಿಂದ ಶುರು ಮಾಡಿ. ಅಲ್ಲಿ ಕೆ.ಕೆ. ಹೆಬ್ಬಾರರ ಚಿತ್ರಗಳಿವೆ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು. ಲಯ ಅಂದರೇನು ಅಂತ ಮೈಗೆ ತಿಳಿಯಲಿ ಅಂತ ಕಥಕ್ ನೃತ್ಯ ಕಲಿತರು. ಅವರ ಗೆರೆಯ ಮೇಲೆ ಕಣ್ಣು ಓಡಿಸಿದರೆ ಎಲ್ಲೂ ತಡೆಯುವುದಿಲ್ಲ. ಪೂರ್ತಿ ಅಮೂರ್ತಕ್ಕೆ ಹಾರುವ ಮೊದಲು ಇಂಥವರು ಒಳ್ಳೆಯ ಸೇತುವೆ. ಅರಮನೆ ರಸ್ತೆಯಲ್ಲಿ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, 2009ರಲ್ಲಿ ಆರಂಭವಾದದ್ದು. ಸೋಮವಾರ ರಜೆ. ಜನವರಿಯಲ್ಲಿ ಹೋದರೆ ಕುಮಾರಕೃಪಾ ರಸ್ತೆಯ ಚಿತ್ರಸಂತೆ. ಬರೆದವರೇ ರಸ್ತೆ ಬದಿ ಕೂತಿರುತ್ತಾರೆ. ‘ಈ ಹಳದಿ ಬೇಕಂತಲೇ ಬಿಟ್ಟಿದ್ದಾ?’ ಅಂತ ಮುಖಾಮುಖಿ ಕೇಳಬಹುದು. ಆದರೆ ಜನಜಂಗುಳಿ. ಕಾಳಿನ ಜೊತೆ ಜೊಳ್ಳೂ ಬಹಳ.

ಈಗ ಹೈದರಾಬಾದ್. ಸಾಲಾರ್ ಜಂಗ್ ಸಂಗ್ರಹ ಬಹುಪಾಲು, ಹೈದರಾಬಾದಿನ ನಿಜಾಮರ ದಿವಾನರಾಗಿದ್ದ ಮೂರನೇ ಸಾಲಾರ್ ಜಂಗ್ ಅವರದು. 1949ರಲ್ಲಿ ತೀರಿಕೊಂಡರು, ಮದುವೆಯಾಗಲಿಲ್ಲ, ಬರೀ ಸಾಮಾನು ಕೂಡಿಸಿದರು. ಅವರ ಕಾಲದಲ್ಲಿ ನಮ್ಮ ರಾಯಚೂರೂ ಅದೇ ನಿಜಾಮರ ರಾಜ್ಯದಲ್ಲಿತ್ತು. ಹಾಗಾಗಿ ಅರ್ಧ ಹಕ್ಕಿನಿಂದಲೇ ಒಳಗೆ ಹೋಗಿ! ಮ್ಯೂಸಿಯಂ ಬಹಳ ದೊಡ್ಡದು. ಕತ್ತಿ, ಪಿಂಗಾಣಿ, ದಂತ, ಮುಸುಕಿನ ರೆಬೆಕಾ ಪ್ರತಿಮೆ ಎಲ್ಲ ನೋಡುತ್ತಾ ಹೋದರೆ ಚಿತ್ರದ ಕೋಣೆಗೆ ಬರುವಷ್ಟರಲ್ಲಿ ಕಾಲು ಸೋತಿರುತ್ತದೆ. ಅದೇ ಹಳೇ ತಪ್ಪು ಮತ್ತೆ ಆಗುತ್ತದೆ. ಒಳಗೆ ಹೋದ ಕೂಡಲೇ ಆಧುನಿಕ ಭಾರತೀಯ ಚಿತ್ರಗಳ ಗ್ಯಾಲರಿ ಎಲ್ಲಿ ಅಂತ ಕೇಳಿ, ನೆಟ್ಟಗೆ ಅಲ್ಲಿಗೆ ನಡೆಯಿರಿ. ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ. ಎರಡನೇ ಸುತ್ತಿನಲ್ಲಿ ಐದೇ ಐದು ಚಿತ್ರ. ಅದರಲ್ಲಿ ಒಂದು ನಿಮಗೆ ಇಷ್ಟವಾಗದ್ದೇ ಇರಲಿ. ಸಿಟ್ಟು ಬಂದ ಚಿತ್ರವನ್ನು ನೀವು ಎಷ್ಟು ಚೆನ್ನಾಗಿ ನೋಡುತ್ತೀರಿ ಅಂತ ಈಗಾಗಲೇ ಗೊತ್ತಾಗಿದೆಯಲ್ಲ. ರವಿವರ್ಮರ ಚಿತ್ರ ಅಲ್ಲೇ ಇದೆ. ಕ್ಯಾಲೆಂಡರಿನಲ್ಲಿ ಕಂಡದ್ದಕ್ಕೂ ನಿಜವಾದ ಎಣ್ಣೆ ಬಣ್ಣಕ್ಕೂ ಇರುವ ಅಂತರವನ್ನು ನಿಮ್ಮ ಮನೆಯವರಿಗೂ ತೋರಿಸಿ. ಅವರನ್ನು ಬಿಟ್ಟು ಹೋಗಬೇಡಿ, ಅವರ ಮಾತು ಖಾರವಾಗಿದೆ, ನನಗೆ ಇಷ್ಟವಾಯಿತು.

ಮುಂದಿನ ವರ್ಷ ಮಗಳನ್ನು ಕಲಾ ಕಾಲೇಜಿಗೆ ಸೇರಿಸುವ ಯೋಚನೆ ಇದ್ದರೆ ಅದು ಬೇರೆಯೇ ಪ್ರಶ್ನೆ. ಅವಳು ಬರೆದ ಹತ್ತು ಚಿತ್ರಗಳ ಫೋಟೋ ಕಳಿಸಿ, ಆಮೇಲೆ ಮಾತಾಡೋಣ.

ಮದುವೆ ಯಾವ ವಾರ ಅಂತ ನೀವು ಬರೆದಿಲ್ಲ. ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ. ಮದುವೆಯ ಮಾರನೇ ದಿನ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನಕ್ಕೆ ಮೊದಲೇ ಚಿತ್ರ ಮುಗಿಸಿ. ಹನ್ನೆರಡು ಗಂಟೆಗೆ ಅಲ್ಲಿನ ಹಳೇ ಗಡಿಯಾರದಿಂದ ಪುಟ್ಟ ಗೊಂಬೆಯೊಂದು ಹೊರಬಂದು ಹನ್ನೆರಡು ಸಲ ಗಂಟೆ ಹೊಡೆಯುತ್ತದೆ. ಜನ ಎಲ್ಲ ಅದರ ಮುಂದೆ ಸೇರುತ್ತಾರೆ, ಕೂರಲು ಜಾಗವೂ ಇರುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಕಾಲಿಗೂ ಅದೇ ಬೇಕಾಗಿರುತ್ತದೆ.